ಪೂರ್ಣ ಐತಪ್ಪ

ಬದರಿನಾಥರ ಮನೆಯಲ್ಲಿ ಐತಪ್ಪ ಎಂದರೆ ಮನುಷ್ಯನಲ್ಲ, ಬೈಗುಳ. ಅಂಗಿಯ ಗುಂಡಿ ಮೇಲೆ ಕೆಳಗಾದರೆ ಅರೆ ಐತಪ್ಪ. ಕಾಲರಿನ ಹಿಂದಿನಿಂದ ಬನಿಯನ್ ಇಣುಕಿದರೆ ಮುಕ್ಕಾಲು ಐತಪ್ಪ. ಪೂರ್ಣ ಐತಪ್ಪ ಎನ್ನುವ ಬಿರುದು ಮಾತ್ರ ಸುಮ್ಮನೆ ಸಿಗುವಂಥದ್ದಲ್ಲ, ಅದಕ್ಕೆ ತಲೆಯಿಂದ ಕಾಲಿನವರೆಗೂ ಯೋಗ್ಯತೆ ಬೇಕು. ಯಾವ ನಿಘಂಟು ತಿರುವಿದರೂ ಈ ಶಬ್ದಕ್ಕೆ ಈ ಅರ್ಥ ಸಿಗುವುದಿಲ್ಲ. ಮದ್ರಾಸಿನ ಅಡ್ಯಾರಿನಲ್ಲಿ ಮೂರನೇ ಮಹಡಿಯ ಆ ಒಂದು ಫ್ಲಾಟಿನಲ್ಲಿ ಮತ್ತು ಅವರ ನೆಂಟರಿಷ್ಟರ ನಾಲ್ಕಾರು ಮನೆಗಳಲ್ಲಿ ಮಾತ್ರ ಅದು ಐವತ್ತು ಅರವತ್ತು ವರ್ಷದಿಂದ ಚಲಾವಣೆಯಲ್ಲಿತ್ತು.

ವಿಮಾ ಕಚೇರಿಯಿಂದ ನಿವೃತ್ತರಾದ ಮೇಲೆ ಬದರಿನಾಥರಿಗೆ ಉಳಿದದ್ದು ಇಸ್ತ್ರಿ ಪೆಟ್ಟಿಗೆಯೊಂದೇ. ಕೆಳಗೆ ತಳ್ಳುಗಾಡಿಯಲ್ಲಿ ಇಸ್ತ್ರಿ ಮಾಡುವವನ ಮೇಲೆ ಅವರಿಗೆ ನಂಬಿಕೆಯಿಲ್ಲ. ಪಂಚೆ, ಅಂಗಿ, ಕರವಸ್ತ್ರ, ಕೊನೆಗೆ ಒಳಗಿನ ಬನಿಯನ್ನಿಗೂ ತಾವೇ ಇಸ್ತ್ರಿ ಹಾಕುತ್ತಿದ್ದರು. ಹಾಕಿಕೊಂಡು ಬಾಲ್ಕನಿಯಲ್ಲಿ ನಿಂತು ಜಗತ್ತಿಗೆ ಅಂಕ ಕೊಡುತ್ತಿದ್ದರು. ನೈಟಿಯ ಮೇಲೊಂದು ಟವಲು ಹೊದ್ದು ತರಕಾರಿಗೆ ಇಳಿದ ಎದುರು ಮನೆಯಾಕೆ, ಲುಂಗಿ ಮಡಚಿ ಕಟ್ಟಿದ ವಾಚ್‌ಮನ್, ಚಡ್ಡಿಯಲ್ಲೇ ಆಫೀಸಿಗೆ ಹೊರಟ ಹುಡುಗರು, ಯಾರೂ ಪಾಸಾಗುತ್ತಿರಲಿಲ್ಲ. ಇಂಥ ಪರೀಕ್ಷೆ ನಡೆಸಲು ಇವರಿಗೆ ಯಾರು ವೀಳ್ಯ ಕೊಟ್ಟಿದ್ದರು ಎಂದು ಕೇಳುವವರು ಯಾರೂ ಇರಲಿಲ್ಲ.

ಮಗ ಗುರುಚರಣನ ಮೇಲೆ ಆ ಶಬ್ದ ದಿನಕ್ಕೆರಡು ಸಲ ಬೀಳುತ್ತಿತ್ತು. ಅವನು "ವಿಡುಪ್ಪಾ, ಇದು ಸ್ಟೈಲ್" ಎಂದು ಹೆಲ್ಮೆಟ್ ಹಾಕಿಕೊಂಡು ಶೋಳಿಂಗನಲ್ಲೂರಿನ ತನ್ನ ಆಫೀಸಿಗೆ ಹೊರಟುಬಿಡುತ್ತಿದ್ದ. ಹೊರಟುಬಿಡಲಾಗದವಳು ಹೆಂಡತಿ ಜಯಲಕ್ಷ್ಮಿ. ಮೂವತ್ಮೂರು ವರ್ಷದಿಂದ ಅವಳು ಹೊಸಿಲು ದಾಟುವ ಮೊದಲು ಬಾಗಿಲಲ್ಲಿ ನಿಂತು ತಪಾಸಣೆಗೆ ಒಳಗಾಗುತ್ತಿದ್ದಳು. ನೆರಿಗೆ ಸಮ ಇದೆಯೋ, ಪಿನ್ನು ಕಾಣುತ್ತಿದೆಯೋ, ಲಂಗ ಇಣುಕುತ್ತಿದೆಯೋ, ಹಿಮ್ಮಡಿ ಒಡೆದಿದೆಯೋ. "ಏನೇ ಇದು ಕಣ್ರಾವಿ? ನೋಡೋಕಾಗಲ್ಲ! ಇದನ್ನ ಸೀರೆ ಉಟ್ಟಿದ್ದು ಅಂತಾರಾ, ಸುತ್ತಿದ್ದು ಅಂತಾರಾ?" ಎಂದರೆ ಒಳಗೆ ಹೋಗಿ ಬಿಚ್ಚಿ ಮತ್ತೆ ಉಡಬೇಕು.

ಮೂರು ವರ್ಷದ ಹಿಂದೆ ಮೈಲಾಪುರದ ಛತ್ರದಲ್ಲಿ ತನ್ನ ಅಣ್ಣನ ಮಗಳ ಮದುವೆಗೆ ಜಯಲಕ್ಷ್ಮಿ ಬೆಳಗಿನಿಂದ ದುಡಿದಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಚೆಲ್ಲ ಒದ್ದೆಯಾಗಿ, ತಲೆ ಕೆದರಿ ಒಳಗಿನಿಂದ ಬಂದವಳನ್ನು ಕಂಡು ಬದರಿನಾಥರು ಬೀಗರ ಗುಂಪಿನ ನಡುವಿನಿಂದಲೇ ಕೂಗಿದರು: "ಬಂದಳು ನೋಡಿ, ಪೂರ್ಣ ಐತಪ್ಪ!" ಅರ್ಥ ಗೊತ್ತಿದ್ದವರು ನಕ್ಕರು. ಗೊತ್ತಿಲ್ಲದವರಿಗೆ ಅಲ್ಲೇ ಅರ್ಥ ಹೇಳಲಾಯಿತು, ಅವರೂ ನಕ್ಕರು. ಜಯಲಕ್ಷ್ಮಿಯೂ ನಕ್ಕಳು. ಆ ನಗು ನೆನಪಾದಾಗಲೆಲ್ಲ ಅವಳಿಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು. ಅಂದಿನಿಂದ ಮದುವೆ ಮುಂಜಿ ಎಂದರೆ ಮಂಡಿನೋವು ಎಂದುಬಿಡುತ್ತಿದ್ದಳು. ಮಂಡಿ ಗಟ್ಟಿಯಾಗಿಯೇ ಇತ್ತು.

ಶಬ್ದದ ಮೂಲ ಗೋಡೆಯ ಮೇಲಿತ್ತು. ಬದರಿನಾಥರ ತಾತ ಸರ್ಕಾರಿ ನೌಕರಿಯಿಂದ ನಿವೃತ್ತರಾದ ದಿನ ತಿರುವಲ್ಲಿಕ್ಕೇಣಿಯ ಹಳೆಯ ಮನೆಯ ಅಂಗಳದಲ್ಲಿ ತೆಗೆಸಿದ ಕಪ್ಪುಬಿಳುಪಿನ ಫೋಟೋ. ಮುಂದಿನ ಸಾಲಿನಲ್ಲಿ ಪೇಟ ಸುತ್ತಿದ ಹಿರಿಯರು, ಹಿಂದೆ ಕಚ್ಚೆ ಸೀರೆಯ ಹೆಂಗಸರು. ಬಲತುದಿಯಲ್ಲಿ ತೆಳ್ಳನೆಯ ಒಬ್ಬ ತರುಣ, ತೋಳಿನಲ್ಲಿ ಐದು ವರ್ಷದ ಬದರಿ. ತರುಣನ ಅಂಗಿ ಒಳಮೈ ಹೊರಗಾಗಿತ್ತು. ಹೊಲಿಗೆಯೆಲ್ಲ ಎದ್ದು ಕಾಣುತ್ತಿತ್ತು.

ಮನೆಗೆ ಯಾರೇ ಬರಲಿ, ಕಾಫಿ ಮುಗಿಯುವ ಮೊದಲು ಬದರಿನಾಥರು ಅವರನ್ನು ಆ ಫೋಟೋದ ಮುಂದೆ ನಿಲ್ಲಿಸುತ್ತಿದ್ದರು.

"ಇವನೇ ಮೂಲ ಐತಪ್ಪ. ನಮ್ಮ ಬೀದಿ ಮೂಲೆ ಉಡುಪಿ ಹೋಟ್ಲಿಂದ ತಿಂಡಿ ತಂದವನು. ಆಯ್ತವಾರ ಹುಟ್ಟಿದ್ರೆ ಐತಪ್ಪ ಅಂತ ಹೆಸರಿಡ್ತಾರಂತೆ ಆ ಕಡೆ. ರಜಾ ದಿನ ಹುಟ್ಟಿದವನು, ಕಾಮಾಸೋಮಾ ಅಂತ ಅಡ್ಡಾದಿಡ್ಡಿಯಾಗಿ ಇರ್ದೆ ಇನ್ಹೇಗಿರ್ತಾನೆ? ಊರಿನ ದೊಡ್ಡವರೆಲ್ಲ ಕೂತಿದ್ದಾರೆ, ಫೋಟೋ ತೆಗೀತಾರೆ ಅಂತ ಗೊತ್ತು, ಇವನು ಅಂಗಿ ತಿರುಗಾಮುರುಗಾ ಹಾಕ್ಕೊಂಡು ಬಂದು ನಿಂತಿದ್ದಾನೆ. ಕೈಯಲ್ಲಿ ನನ್ನ ನೋಡಿ, ಐದನೇ ವಯಸ್ಸಿಗೇ ಹೇಗಿದ್ದೀನಿ! ಒಂದು ಸುಕ್ಕು ಇದೆಯಾ?"

ಸುಕ್ಕು ಇರಲಿಲ್ಲ ನಿಜ. ಮಗುವಿನ ಬಿಳಿ ಅಂಗಿ ಪೆಟ್ಟಿಗೆಯಿಂದ ಆಗಷ್ಟೇ ತೆಗೆದಂತಿತ್ತು.

ಹೀಗಿರುವಾಗ ಜಯಲಕ್ಷ್ಮಿಯ ಚಟ್ನಿಪುಡಿ ಅವಳಿಗಿಂತ ಮೊದಲು ಹೊಸಿಲು ದಾಟಿತು. ಗುರುಚರಣನಿಗೆ ಆಫೀಸಿನ ಕ್ಯಾಂಟೀನ್ ಹಿಡಿಸದೆ ಪಕ್ಕದ ರಸ್ತೆಯ ಒಂದು ಉಡುಪಿ ಹೋಟೆಲಿನಲ್ಲಿ ತಿಂಡಿ ತಿನ್ನುವ ಅಭ್ಯಾಸ. ಜೇಬಿನಲ್ಲಿ ಪುಟ್ಟ ಡಬ್ಬಿಯಲ್ಲಿ ಅಮ್ಮನ ಚಟ್ನಿಪುಡಿ ಒಯ್ದು ದೋಸೆಗೆ ಉದುರಿಸಿಕೊಳ್ಳುತ್ತಿದ್ದ. ಹೋಟೆಲು ನಡೆಸುವ ಸರಸ ಒಂದು ದಿನ ಆ ಡಬ್ಬಿಯನ್ನು ಮೂಸಿ, ಚಿಟಿಕೆ ಬಾಯಿಗೆ ಹಾಕಿಕೊಂಡು, ಅಲ್ಲೇ ಅಮ್ಮನ ನಂಬರು ತೆಗೆದುಕೊಂಡಳು.

"ಅಮ್ಮಾ, ನಾನು ಸರಸ ಮಾತಾಡುದು, ಹೋಟೆಲಿಂದ. ನಿಮ್ಮ ಪುಡಿ ತಿಂದೆ, ಎಂತ ರುಚಿ ಮಾರಾಯ್ರೆ! ನಮ್ಮಲ್ಲಿ ಪುಡಿ, ಗೊಜ್ಜು, ಉಪ್ಪಿನಕಾಯಿ ನೋಡ್ಕೊಳ್ಳಿಕ್ಕೆ ಕೈ ತಿಳಿದವರು ಒಬ್ರು ಬೇಕು. ಹತ್ತಕ್ಕೆ ಬಂದು ನಾಲ್ಕಕ್ಕೆ ಹೋದ್ರೆ ಸಾಕು. ಒಮ್ಮೆ ಬಂದು ನೋಡಿ, ಆಗದಾ?"

ಫೋನ್ ಇಟ್ಟು ಜಯಲಕ್ಷ್ಮಿ ಅಡಿಗೆಮನೆಯ ಸ್ಟೂಲಿನ ಮೇಲೆ ಕೂತಳು. ಐವತ್ತೆಂಟು ವರ್ಷದಲ್ಲಿ ನೀವು ಬೇಕು ಎಂದು ಯಾರೂ ಅವಳನ್ನು ಕರೆದಿರಲಿಲ್ಲ. ಅವಳಿಗೆ ಆದದ್ದು ಸಂತೋಷವೇ, ಮುಚ್ಚಿಡುವಂಥದ್ದಲ್ಲ. ಹುಡುಗಿಯ ಹಾಗೆ ಕಿವಿ ಬಿಸಿಯಾದವು.

ಬದರಿನಾಥರು ಕೇಳಿ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿದರು.

"ಹೋಟ್ಲು ಅಡಿಗೆಮನೇಲಾ? ನನ್ನ ಹೆಂಡ್ತೀನಾ? ಸಾಂಬಾರ್ ಮೆತ್ತಿಕೊಂಡು, ಸೀರೆ ಎತ್ತಿ ಸಿಕ್ಕಿಸ್ಕೊಂಡು? ಮನೇಲಿರೋವಾಗ್ಲೇ ಮುಕ್ಕಾಲು ಐತಪ್ಪ ನೀನು. ನಾನು ಬಾಗಿಲಲ್ಲಿ ನಿಂತು ನೋಡದೇ ಹೋದ್ರೆ ನಾಲ್ಕು ಜನರ ಮುಂದೆ ನಿಲ್ಲೋಕೆ ಲಾಯಕ್ಕಿದ್ದೀಯಾ? ಯೋಚ್ನೆ ಮಾಡು."

"ಏನೂಂದ್ರೆ, ಚುಮ್ಮಾ ಒಂದ್ಸಲ ನೋಡ್ಕೊಂಡು ಬರ್ತೀನಿ."

"ನೋಡು. ಒಗ್ಗರಣೆ ವಾಸನೆ ಹೊತ್ಕೊಂಡು ವಾಪಸ್ ಬರ್ತೀಯ."

ದುಃಖದ ಸಂಗತಿ ಎಂದರೆ, ಜಯಲಕ್ಷ್ಮಿ ಅದನ್ನು ಅರ್ಧ ನಂಬಿದಳು. ಮೂವತ್ಮೂರು ವರ್ಷ ದಿನವೂ ಕೇಳಿದ ಮಾತು ಕಿವಿಯಲ್ಲಷ್ಟೇ ಉಳಿಯುವುದಿಲ್ಲ. ತಾನು ನಿಜವಾಗಿಯೂ ಜನರ ನಡುವೆ ನಿಲ್ಲಲು ಲಾಯಕ್ಕೋ ಅಲ್ಲವೋ ಎಂಬ ಅಳುಕಿನಲ್ಲೇ, ಮೂರು ಸಲ ಸೀರೆ ಬಿಚ್ಚಿ ಉಟ್ಟು, ಮರುದಿನ ಮಧ್ಯಾಹ್ನ ಬಸ್ಸು ಹತ್ತಿದಳು. ಅಲ್ಲಿ ಯಾರಾದರೂ ತನ್ನನ್ನು ಮೇಲಿನಿಂದ ಕೆಳಗೆ ನೋಡಿದರೆ ಅದೇ ಬಸ್ಸಿನಲ್ಲಿ ಮರಳಿಬಿಡುವುದು, ಮತ್ತೆ ಈ ಆಸೆ ಇಟ್ಟುಕೊಳ್ಳುವುದಿಲ್ಲ ಎಂದುಕೊಂಡಳು.

ಮೂರು ಗಂಟೆಯ ಹೊತ್ತಿಗೆ ಊಟದ ಗಲಾಟೆ ಮುಗಿದಿತ್ತು. ಸರಸ ಕೌಂಟರಿನಿಂದ ಎದ್ದು ಬಂದು ಕೈಹಿಡಿದೇ ಒಳಗೆ ಕರೆದುಕೊಂಡು ಹೋದಳು. ಅಡಿಗೆಮನೆ ಗುಡಿಸಿ ಒರೆಸಿ ಒಣಗಿತ್ತು. ಹಿಂದಿನ ಜಗಲಿಯಲ್ಲಿ ಎಪ್ಪತ್ತೇಳು ಎಪ್ಪತ್ತೆಂಟರ ಒಬ್ಬ ಮುದುಕ ಕೂತು ತೆಂಗಿನಕಾಯಿ ತುರಿಯುತ್ತಿದ್ದ. ಮುದುಕನ ಅಂಗಿ ಒಳಮೈ ಹೊರಗಾಗಿತ್ತು. ಭುಜದ ಹೊಲಿಗೆಯಿಂದ ದಾರ ನೇತಾಡುತ್ತಿತ್ತು.

ಅಯ್ಯೋ, ಪೂರ್ಣ ಐತಪ್ಪ, ಎಂದುಕೊಂಡಳು ಜಯಲಕ್ಷ್ಮಿ. ತುಟಿಯ ಕೊನೆಯಲ್ಲಿ ಗಂಡನ ನಗುವೇ ಬಂದು ಕೂತಿತು. ಗಂಡ ಹೇಳಿದ್ದು ಸುಳ್ಳಲ್ಲ, ಇಂಥವರ ನಡುವೆ ತಾನೂ ಇಂಥವಳೇ ಆಗುತ್ತೇನೆ ಎಂದೂ ಅನಿಸಿತು.

"ಅಪ್ಪಾ, ಚಟ್ನಿಪುಡಿ ಅಮ್ಮ ಬಂದ್ರು" ಎಂದಳು ಸರಸ.

ಮುದುಕ ಗಡಿಬಿಡಿಯಿಂದ ಎದ್ದು ಗೋಡೆಯ ಕಡೆ ತಿರುಗಿದ. ಕೈ ತೊಳೆದು, ಒರೆಸಿ, ಅಂಗಿ ಬಿಚ್ಚಿ ಒಮ್ಮೆ ಕೊಡವಿ, ಸರಿಯಾಗಿ ತಿರುಗಿಸಿ ಹಾಕಿಕೊಂಡು, ಮೇಲಿನ ಗುಂಡಿಯಿಂದ ಕೆಳಗಿನ ಗುಂಡಿಯವರೆಗೆ ಒಂದೊಂದಾಗಿ ಹಾಕಿದ. ಈ ಕಡೆ ತಿರುಗಿದಾಗ ಅವಳ ಮುಂದಿದ್ದದ್ದು ಹಾಲಿನಂಥ ಬಿಳಿ ಅಂಗಿಯ, ಒಂದು ಚುಕ್ಕೆ ಕಲೆಯಿಲ್ಲದ ಯಜಮಾನ. ತಾನೇ ಹೋಗಿ ಕಾಫಿ ತಂದು ಅವಳ ಮುಂದಿಟ್ಟ.

"ನೋಡಿ ನಗ್ಬೇಡಿ ಅಮ್ಮ" ಎಂದಳು ಸರಸ. "ನಮ್ಮ ಅಪ್ಪ ಐತಪ್ಪಂದು ಇದೊಂದು ಹಠ. ಅಂಗಿ ರಾಶಿ ಉಂಟು, ಆದ್ರೂ ಒಳಗೆ ಕೆಲಸ ಮಾಡುವಾಗ ತಿರುಗಿಸಿಯೇ ಹಾಕುದು."

ಲೋಟ ಜಯಲಕ್ಷ್ಮಿಯ ತುಟಿಯ ಹತ್ತಿರವೇ ನಿಂತಿತು.

"ಹಠ ಎಂತದು? ಅಭ್ಯಾಸ" ಎಂದ ಐತಪ್ಪ. "ಮದ್ರಾಸಿಗೆ ಬರುವಾಗ ಇದ್ದದ್ದು ಒಂದೇ ಅಂಗಿ. ಅಮ್ಮ ಹೊಲಿಸಿ ಕೊಟ್ಟದ್ದು. ಒಳಗೆ ತಿರುಗಿಸಿ ಹಾಕಿದ್ರೆ ಕಲೆಯೆಲ್ಲ ಒಳಮೈಗೆ. ಗಿರಾಕಿ ಎದುರು ಹೋಗುವಾಗ ಪುನಃ ಸರಿ ಮಾಡಿದ್ರೆ ಹೊರಮೈ ಚೊಕ್ಕ. ಜನರ ಎದುರು ನಾನು ಯಾವತ್ತೂ ಹಾಳು ಅಂಗಿಯಲ್ಲಿ ನಿಂತದ್ದಿಲ್ಲ." ಸ್ವಲ್ಪ ತಡೆದು ಸೇರಿಸಿದ: "ಒಮ್ಮೆ ಬಿಟ್ಟು."

"ಯಾವಾಗ?" ಎಂದು ಕೇಳಿದಳು ಜಯಲಕ್ಷ್ಮಿ. ಅವಳಿಗೆ ಉತ್ತರ ಆಗಲೇ ಅರ್ಧ ಗೊತ್ತಿತ್ತು.

"ತಿರುವಲ್ಲಿಕ್ಕೇಣಿಯಲ್ಲಿ. ನಮ್ಮ ಹೋಟೆಲಿನ ಹತ್ರ ಒಂದು ದೊಡ್ಡ ಮನೆ. ಅಲ್ಲಿಯ ಯಜಮಾನರು ರಿಟೈರ್ ಆದ ದಿನ ಕೇಸರಿಬಾತು, ಬೋಂಡ ತೆಗೊಂಡು ಹೋದದ್ದು ನಾನು. ದೊಡ್ಡವರ ಮನೆ ಅಲ್ವಾ, ಹಿಂದಿನ ದಿನ ಅಂಗಿ ಒಗೆದು, ಚೊಂಬಿಗೆ ಕೆಂಡ ಹಾಕಿ ಇಸ್ತ್ರಿ ಮಾಡಿದ್ದೆ. ಆ ಮನೆಯಲ್ಲೊಂದು ಮಗು. ಕೇಸರಿಬಾತು ಹೊಟ್ಟೆ ಬಿರಿಯ ತಿಂದಿತ್ತು. ಫೋಟೋದವನು ಕಪ್ಪು ಬಟ್ಟೆ ಹೊದ್ದುಕೊಂಡದ್ದೇ ಹೆದರಿ ಅಳ್ಲಿಕ್ಕೆ ಸುರು. ಯಾರ ಕೈಯಲ್ಲೂ ನಿಲ್ಲುದಿಲ್ಲ. ನಾನು ಎತ್ತಿಕೊಂಡೆ. ಎತ್ತಿಕೊಂಡದ್ದೇ ತಡ, ತಿಂದದ್ದೆಲ್ಲ ನನ್ನ ಎದೆ ಮೇಲೆ ಕಕ್ಕಿತು."

ಸರಸ ಈ ಕಥೆಯನ್ನು ಎಷ್ಟೋ ಸಲ ಕೇಳಿದ್ದಳೆಂದು ಕಾಣುತ್ತದೆ, ನಗುತ್ತಾ ಕೌಂಟರಿಗೆ ಹೋದಳು. ಐತಪ್ಪ ಮಾತ್ರ ನಗಲಿಲ್ಲ.

"ಮಗುವನ್ನು ಒಳಗೆ ಕೊಂಡೋಗಿ ಬೇರೆ ಅಂಗಿ ಹಾಕಿ ತಂದ್ರು. ನನಗೆ ಬೇರೆ ಎಲ್ಲಿಂದ? ಬಾವಿಕಟ್ಟೆಯಲ್ಲಿ ಒರೆಸಿ ತಿರುಗಿಸಿ ಹಾಕಿಕೊಂಡೆ. ಹೋಗ್ತೇನೆ ಅಂದ್ರೆ ಬಿಡ್ಲಿಲ್ಲ, ಮಗು ನಿನ್ನ ಹತ್ರವೇ ಸುಮ್ಮನಿರ್ತದೆ, ಹಿಡ್ಕೊಂಡು ನಿಲ್ಲು ಅಂದ್ರು. ಹಾಗೇ ಫೋಟೋ ತೆಗೆದ್ರು. ಆಮೇಲೆ ಎಲ್ರೂ ನನ್ನ ಅಂಗಿ ನೋಡಿ ನಗಾಡಿದ್ದು. ಊರಿಗೆ ಕಳಿಸ್ಲಿಕ್ಕೆ ಒಂದು ಪ್ರತಿ ಕೇಳಿದ್ದೆ, ಕೊಡ್ಲಿಲ್ಲ. ಕೊಡದ್ದೇ ಒಳ್ಳೇದಾಯ್ತು. ತಾನು ಹೊಲಿಸಿದ ಅಂಗಿ ಹಾಗೆ ಕಂಡಿದ್ರೆ ಅಮ್ಮ ಬೇಜಾರು ಮಾಡ್ಕೊಳ್ತಿದ್ಲು."

"ಮಗುವಿನ ಹೆಸರು?"

"ಬದ್ರಿ ಅಂತ ಕರೀತಿದ್ರು. ಚಂದದ ಮಗು. ಈಗ ಎಲ್ಲಿ ಉಂಟೋ."

ಜಯಲಕ್ಷ್ಮಿ ಕಾಫಿ ಕುಡಿದು ಲೋಟ ಕೆಳಗಿಟ್ಟಳು. ಮಗು ಅಡ್ಯಾರಿನಲ್ಲಿದೆ, ಇವತ್ತಿಗೂ ಚೆನ್ನಾಗಿ ತಿನ್ನುತ್ತದೆ ಎಂದು ಹೇಳಲು ನಾಲಿಗೆ ತುರಿಸಿತು. ಹೇಳಲು ನಾಚಿಕೆಯಾಯಿತು. ನಾಚಿಕೆ ಗಂಡನೊಬ್ಬನ ಪರವಾಗಿ ಅಲ್ಲ. ಮಗ ಸಣ್ಣವನಿದ್ದಾಗ ಅಂಗಿ ಕೊಳೆ ಮಾಡಿಕೊಂಡು ಬಂದರೆ ಐತಪ್ಪ ಎಂದು ಅವಳೂ ಗದರಿದ್ದಳು. ಈ ಮನುಷ್ಯನ ಹೆಸರನ್ನು ಕಾಲೊರೆಸುವ ಚಿಂದಿ ಮಾಡಿಕೊಂಡವರಲ್ಲಿ ಅವಳೂ ಒಬ್ಬಳು. ಹತ್ತು ನಿಮಿಷದ ಹಿಂದೆಯಷ್ಟೇ ಮನಸ್ಸಿನಲ್ಲಿ ಒರೆಸಿಕೊಂಡಿದ್ದಳು. ಸೋಮವಾರದಿಂದ ಬರುತ್ತೇನೆ ಎಂದು ಸರಸಳಿಗೆ ಹೇಳಿ ಹೊರಬಿದ್ದಳು.

ಸಂಜೆ ಬದರಿನಾಥರು ಸೋಫಾದಲ್ಲಿ ಸುಕ್ಕಾಗದ ಹಾಗೆ ಕೂತಿದ್ದರು. ಜಯಲಕ್ಷ್ಮಿ ಚಪ್ಪಲಿ ಬಿಟ್ಟವಳೇ ಗೋಡೆಯಿಂದ ಫೋಟೋ ಇಳಿಸಿ ಅವರ ತೊಡೆಯ ಮೇಲಿಟ್ಟಳು. ಕಂಡದ್ದು ಕೇಳಿದ್ದು ಎಲ್ಲವನ್ನೂ ಹೇಳಿದಳು. ಒಂದು ಮಾತೂ ಕೂಡಿಸಲಿಲ್ಲ, ಕೂಡಿಸುವ ಅಗತ್ಯವೂ ಇರಲಿಲ್ಲ.

"ಸುಳ್ಳು" ಎಂದರು ಬದರಿನಾಥರು ಮೊದಲು. ಆಮೇಲೆ ಕನ್ನಡಕ ಹಾಕಿಕೊಂಡು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮಗುವಿನ ಬಿಳಿ ಅಂಗಿಯನ್ನು ನೋಡಿದರು. ಅದರ ಮಡಿಕೆಯ ಗೆರೆ ಇನ್ನೂ ಹಾಗೇ ಇತ್ತು. ಇಡೀ ದಿನ ಆಡಿ, ಅತ್ತು, ಕೇಸರಿಬಾತು ತಿಂದ ಐದು ವರ್ಷದ ಮಗುವಿನ ಮೈಮೇಲೆ ಮಡಿಕೆಯ ಗೆರೆ ಹೇಗೆ ಉಳಿಯಿತು ಎಂದು ಅರವತ್ತೆರಡನೇ ವಯಸ್ಸಿನವರೆಗೆ ಅವರಿಗೆ ಹೊಳೆದಿರಲಿಲ್ಲ. ಬಟ್ಟೆಯ ವಿಷಯದಲ್ಲಿ ಇಷ್ಟು ಸೂಕ್ಷ್ಮ ಕಣ್ಣಿನವರಿಗೆ!

"ನಿಮ್ಮ ಹತ್ರ ಎರಡನೇ ಅಂಗಿ ಇತ್ತು" ಎಂದಳು ಜಯಲಕ್ಷ್ಮಿ. "ಅವರ ಹತ್ರ ಇರ್ಲಿಲ್ಲ. ಅಷ್ಟೇ ವ್ಯತ್ಯಾಸ."

ಅವಳು ಕಾದಳು. ಒಂದು ಮಾತು ಬಂದರೆ ಸಾಕಿತ್ತು. ಛೆ ಎಂದಿದ್ದರೂ ಸಾಕಿತ್ತು. ಬದರಿನಾಥರು ಕರವಸ್ತ್ರದಿಂದ ಗಾಜು ಒರೆಸಿ, ಎದ್ದು, ಫೋಟೋವನ್ನು ಅದೇ ಮೊಳೆಗೆ ತಗುಲಿಸಿ, ಓರೆಯಾದದ್ದನ್ನು ನೆಟ್ಟಗೆ ಮಾಡಿದರು.

"ಮಗು ಅಂದ್ಮೇಲೆ ಕಕ್ಕತ್ತೆ. ಅದಕ್ಕೆ ಏನು ಮಾಡೋಕಾಗತ್ತೆ? ಅಂಗಿಯಂತೂ ತಿರುಗಾಮುರುಗಾ ಇತ್ತೋ ಇಲ್ವೋ? ನೋಡೋರಿಗೆ ಕಾರಣ ಕಾಣತ್ತಾ, ಅಂಗಿ ಕಾಣತ್ತಾ? ಐತಪ್ಪ ಐತಪ್ಪನೇ." ತಿರುಗಿ ಹೆಂಡತಿಯ ಸೀರೆಯ ಅಂಚು ನೋಡಿದರು. "ಬಸ್ಸಿನಲ್ಲಿ ನೆರಿಗೆಯೆಲ್ಲ ಬಿಟ್ಟುಹೋಗಿದೆ ನೋಡು. ಅರೆ ಐತಪ್ಪ."

ಜಯಲಕ್ಷ್ಮಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಬೇಕಾದರೆ ಎದುರಿಗಿರುವವನು ಸ್ವಲ್ಪವಾದರೂ ದೊಡ್ಡವನಾಗಿ ಕಾಣಬೇಕು. ಅವಳಿಗೆ ಕಂಡದ್ದು ಗಂಜಿ ಹಾಕಿದ ಪಂಚೆಯೊಳಗೆ ನಿಂತಿದ್ದ ಒಂದು ಟೊಳ್ಳು. ಈ ಮನುಷ್ಯ ಕೊಟ್ಟ ಅಂಕಕ್ಕೆ ತಾನು ಮೂವತ್ಮೂರು ವರ್ಷ ಹೆದರಿದ್ದೆನೇ ಎಂದು ಹೇಸಿಗೆಯಾಯಿತು. ಅಂದು ರಾತ್ರಿ ಎಂದಿನಂತೆ ಅನ್ನ, ಸಾರು ಬಡಿಸಿ, ಎಂದಿಗಿಂತ ಚೆನ್ನಾಗಿ ನಿದ್ದೆ ಮಾಡಿದಳು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬದರಿನಾಥರು ವಾಡಿಕೆಯಂತೆ ಬಾಗಿಲಲ್ಲಿ ನಿಂತರು. ತಡೆಯುವುದಕ್ಕಲ್ಲ, ಎರಡು ದಿನದಲ್ಲಿ ತಾನೇ ಸಾಕಾಗಿ ಬಿಡುತ್ತಾಳೆ ಎಂದು ಲೆಕ್ಕ ಹಾಕಿದ್ದರು. ತಪಾಸಣೆ ಮಾತ್ರ ಬಿಡುವಂತಿರಲಿಲ್ಲ. ಸೋಫಾದಲ್ಲಿ ಕೂತು ಶೂ ಹಾಕಿಕೊಳ್ಳುತ್ತಿದ್ದ ಗುರುಚರಣ ಅಮ್ಮನನ್ನು ನೋಡಿ ಲೇಸು ಕಟ್ಟುವುದನ್ನು ಮರೆತ.

ಜಯಲಕ್ಷ್ಮಿ ನೇರಳೆ ಬಣ್ಣದ ಕೈಮಗ್ಗದ ಸೀರೆಯನ್ನು ಒಳಮೈ ಹೊರಗೆ ಮಾಡಿ ಉಟ್ಟಿದ್ದಳು. ಫಾಲ್ಸ್ ಪಟ್ಟಿ ಹೊರಗೇ ಕಾಣುತ್ತಿತ್ತು, ಅಂಚಿನ ಹಿಂಬದಿಯ ಎಳೆಗಳು ನೇತಾಡುತ್ತಿದ್ದವು. ಆದರೆ ನೆರಿಗೆ ಆರೂ ಸಮ, ಸೆರಗು ಅಳೆದಿಟ್ಟಂತೆ, ಪಿನ್ನು ಎಲ್ಲೂ ಕಾಣುತ್ತಿರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಅವಳು ಮದುವೆಯ ದಿನವೂ ಉಟ್ಟಿರಲಿಲ್ಲ.

"ಅಮ್ಮಾ, ಸಾರಿ ಉಲ್ಟಾ ಇರುಕ್ಕು" ಎಂದ ಮಗ.

"ಗೊತ್ತು ಕಣೋ. ನಾಲ್ಕು ಗಂಟೆಗೆ ಸರಿ ಮಾಡಿ ಉಡ್ತೀನಿ. ಹೊರಮೈ ಕೊಳೆಯಾಗಬಾರದಲ್ಲ."

ಬದರಿನಾಥರು ಕಾಲಿನಿಂದ ತಲೆಯವರೆಗೆ ನೋಡಿದರು. ತಲೆಯಿಂದ ಕಾಲಿನವರೆಗೆ ಮತ್ತೊಮ್ಮೆ ನೋಡಿದರು. ಕತ್ತಿನ ನರ ಉಬ್ಬಿತು, ಬಾಯಿ ತೆರೆಯಿತು. ಇಂಥ ವೇಷಕ್ಕೆ ಆ ಮನೆಯಲ್ಲಿ ಇದ್ದದ್ದು ಒಂದೇ ಶಬ್ದ. ಅದು ನಾಲಿಗೆಯ ತುದಿಯವರೆಗೆ ಬಂದು, ಯಾಕೋ ಏನೋ, ಜೀವಮಾನದಲ್ಲೇ ಮೊದಲ ಸಲ ಅಲ್ಲೇ ನಿಂತಿತು. ಗಂಟಲು ಏರಿ ಇಳಿಯಿತು.

ಜಯಲಕ್ಷ್ಮಿ ಚಪ್ಪಲಿ ಮೆಟ್ಟಿ, ಚಟ್ನಿಪುಡಿಯ ಡಬ್ಬಿ ಬಗಲಿಗಿಟ್ಟುಕೊಂಡು, ಅವರನ್ನು ದಾಟಿ ಹೊಸಿಲ ಆಚೆ ನಿಂತಳು.

"ಹೇಳಿಬಿಡೀಂದ್ರೆ, ನುಂಗಬೇಡಿ. ಒಳಗೆ ಇಟ್ಕೊಂಡ್ರೆ ಆಮೇಲೆ ಯಾರು ಪ್ರೀತಿಯಿಂದ ಎತ್ಕೊಳ್ತಾರೋ, ಅವರ ಅಂಗಿ ಮೇಲೇ ಬರತ್ತೆ."

ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದಳು. ಮಂಡಿ ಎಲ್ಲೂ ನೋಯಲಿಲ್ಲ.